ವಿಚಾರಣೆಯ ಪಟ್ಟಿಗೊಂದು ಅಚ್ಚುಕೂಟ

“ಸಾಗರದ ಅಚ್ಚುಕೂಟದ ಯಜಮಾನ ಭೂಮಿಯ ಒಡೆಯರ ಪಕ್ಷದವನಾಗಿದ್ದ. ಗೇಣಿದಾರರು ವಿಚಾರಣೆಗೆ ಬಾರದಂತಾಗಲಿ ಎಂದು ಪತ್ರಿಕೆಯಲ್ಲಿ ತಾರೀಖನ್ನೇ ತಿದ್ದಿ ಅಚ್ಚು ಹಾಕಿದ. ಸಂಪಾದಕರು ಅದನ್ನು ಬಯಲಿಗೆಳೆದು ಬಡ ವಿಧವೆಯೊಬ್ಬಳ ಗದ್ದೆಯನ್ನು ಉಳಿಸಿಕೊಟ್ಟರು.”

ಹೊಸನಗರದ ಕಡೆ ಗೇಣಿದಾರರಿಗೆ ಭೂಮಿ ಸಿಕ್ಕ ಕಾಲದ ಬಗ್ಗೆ ಮಾತು ಬಂದಾಗಲೆಲ್ಲ ಈ ಕಥೆ ಬರುತ್ತದೆ. ಇತ್ತೀಚೆಗೆ ಒಂದು ಸ್ಮರಣ ಸಂಚಿಕೆಯಲ್ಲಿಯೂ ಅಚ್ಚಾಗಿದೆ. ಅದರಲ್ಲಿ ನಿಜವಾದದ್ದು ಒಂದೇ: ಗದ್ದೆ ಉಳಿಯಿತು. ಉಳಿದದ್ದು ಸುಳ್ಳು. ಆ ಸಂಪಾದಕ ನಾನೇ ಆದ್ದರಿಂದ ಇದನ್ನು ಅಧಿಕಾರದಿಂದ ಹೇಳಬಲ್ಲೆ. ಕೋಟೆ ಕಟ್ಟಿಸಿದವರು ಯಾರು, ಕೆರೆ ತೋಡಿಸಿದವರು ಯಾರು ಎಂಬ ಪ್ರತಿಯೊಂದು ಹೇಳಿಕೆಯನ್ನೂ ಅನುಮಾನಿಸಿ, ಸಭೆಗಳಲ್ಲಿ ಎದ್ದುನಿಂತು ಜಗಳ ತೆಗೆದು, ಹಲವರ ಬೇಸರಕ್ಕೆ ಗುರಿಯಾದ ಮನುಷ್ಯ ನಾನು. ಈ ಒಂದು ಕಥೆಯನ್ನು ಮಾತ್ರ ಅಲ್ಲಗಳೆಯಲಿಲ್ಲ. ಅದು ಹೊರಟದ್ದು ನನ್ನ ಲೇಖನಿಯಿಂದಲೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಳುವವನೇ ಒಡೆಯ ಎಂಬ ಕಾಯಿದೆಯಂತೆ ಗೇಣಿದಾರರು ಅರ್ಜಿ ಹಾಕಿದ್ದರು. ಭೂ ನ್ಯಾಯಮಂಡಳಿ ಹಳ್ಳಿ ಹಳ್ಳಿಗೆ ತಾರೀಖು ಕೊಟ್ಟು ವಿಚಾರಣೆ ನಡೆಸುತ್ತಿತ್ತು. ನಾನು ಹೊಸನಗರದ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನಾದರೂ ಕಾಯಿದೆಯ ಪುಸ್ತಕಗಳನ್ನು ಓದಿ ಅರಗಿಸಿಕೊಂಡಿದ್ದೇನೆ ಎಂಬ ಹಮ್ಮು ಇತ್ತು. ಜನ ನನ್ನನ್ನು ‘ರೈಟ್ರು’ ಎನ್ನುತ್ತಿದ್ದರು. ವಿಚಾರಣೆಯ ತಾರೀಖುಗಳು ಹಿಂದೆ ಮುಂದೆ ಆಗುತ್ತಿದ್ದವು. ಬದಲಾವಣೆಯನ್ನು ಕಚೇರಿಯ ಫಲಕದಲ್ಲಿ ಅಂಟಿಸುತ್ತಿದ್ದರು. ಅದನ್ನು ನೋಡಲೆಂದೇ ದೂರದ ಹಳ್ಳಿಗಳಿಂದ ಕೂಲಿ ಬಿಟ್ಟು ಬರುವವರನ್ನು ಕಂಡು, ಈ ಪಟ್ಟಿಯನ್ನೇ ಅಚ್ಚು ಹಾಕಿಸಿ ವಾರವಾರ ಹಳ್ಳಿಗಳ ಅಂಗಡಿಗೆ ಮುಟ್ಟಿಸಿದರೆ ಹೇಗೆ ಎಂದು ನಾವು ಕೆಲವರು ಯೋಚಿಸಿದೆವು. ನಾಲ್ಕು ಪುಟದ ವಾರಪತ್ರಿಕೆ. ಒಳಗಿನ ಎರಡು ಪುಟದಲ್ಲಿ ಹಳ್ಳಿಯ ಹೆಸರು, ಅರ್ಜಿದಾರರ ಹೆಸರು, ತಾರೀಖು. ಅಚ್ಚುಕೂಟವನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಈ ಆಯ್ಕೆ ಮೇಲ್ನೋಟಕ್ಕೆ ಕಂಡಷ್ಟು ಸುಲಭದ್ದಲ್ಲ. ಆಗ ಒಂದೊಂದು ಅಕ್ಷರವನ್ನೂ ಸೀಸದ ಮೊಳೆಯಿಂದ ಕೈಯಲ್ಲೇ ಜೋಡಿಸಬೇಕಿತ್ತು. ಅಚ್ಚಾದ ಮೇಲೆ ಪುಟವನ್ನು ಬಿಚ್ಚಿ ಮೊಳೆಗಳನ್ನು ಆಯಾ ಖಾನೆಗೆ ಮರಳಿ ಹಾಕಿದರೆ ಮಾತ್ರ ಮುಂದಿನ ಕೆಲಸಕ್ಕೆ ಮೊಳೆ ಸಿಗುತ್ತಿತ್ತು. ನಮ್ಮ ಪಟ್ಟಿಯಾದರೋ ವಾರವಾರವೂ ಬಹುಪಾಲು ಹಾಗೆಯೇ ಇರುವಂಥದ್ದು. ಐದಾರು ತಾರೀಖು ಮಾತ್ರ ಬದಲಾಗಬೇಕು. ಆದ್ದರಿಂದ ಜೋಡಿಸಿದ ಪುಟವನ್ನು ಬಿಚ್ಚದೆ, ದಾರದಿಂದ ಕಟ್ಟಿ, ತಿಂಗಳುಗಟ್ಟಲೆ ತನ್ನ ಹಲಗೆಯ ಮೇಲೆ ಕಾಪಾಡಿಕೊಂಡು ಬರುವಷ್ಟು ಮೊಳೆ ಉಳ್ಳ ಅಚ್ಚುಕೂಟ ನಮಗೆ ಬೇಕಾಗಿತ್ತು. ಯಂತ್ರದ ವೇಗ ಎರಡನೆಯ ಮಾತು. ಇದನ್ನು ನಾನು ಆಗಲೇ ಅರಿತಿದ್ದೆ. ಅರಿತೇ ತಪ್ಪಿದೆ.

ಹೊಸನಗರದಲ್ಲಿದ್ದ ಒಂದು ಸಣ್ಣ ಅಚ್ಚುಕೂಟದಲ್ಲಿ ಒಂದು ಪುಟಕ್ಕಾಗುವಷ್ಟೂ ಮೊಳೆ ಇರಲಿಲ್ಲ. ತೀರ್ಥಹಳ್ಳಿಗೆ ಹೋದೆ. ಅಲ್ಲಿಯದು ಕಾಲಲ್ಲಿ ತುಳಿಯುವ ಯಂತ್ರ. ಯಜಮಾನರು ದಪ್ಪ ಕನ್ನಡಕದ ವಯಸ್ಸಾದ ಗೌಡರು. ನನ್ನ ವಿವರಣೆ ಮುಗಿಯುವ ಮೊದಲೇ ಅವರಿಗೆ ವಿಷಯ ಅರ್ಥವಾಗಿತ್ತು.

“ಹಂಗಾರೆ ಪಟ್ಟಿ ಬಿಚ್ಚೋದೇ ಬ್ಯಾಡ. ಕಟ್ಟಿ ಇಟ್ಕೊಳ್ತೀನಿ. ಮೊಳೆ ಬೇಕಾದಷ್ಟು ಇದಾವೆ. ಆದ್ರೆ ವಾರವಾರ ನೀವೇ ಬಂದು ಇಲ್ಲೇ ಕೂತು ಪ್ರೂಫು ನೋಡ್ಬೇಕು.”

“ಬಸ್ಸಲ್ಲಿ ಕಳ್ಸಿದ್ರೆ ನೋಡಿ ವಾಪಸ್ ಕೊಡ್ತೀನಲ್ಲ?”

“ಬಸ್ಸಲ್ಲಿ ಹೋದ ಪ್ರೂಫು ಯಾರೂ ಓದಲ್ಲ ಮಾರಾಯ್ರೆ. ಸಹಿ ಹಾಕ್ತಾರೆ, ಅಷ್ಟೆ. ಎಲ್ಲಿ, ಇದನ್ನೊಂದು ನೋಡಿ ಕಾಣುವ.”

ಅವರು ಯಾವುದೋ ಸಹಕಾರ ಸಂಘದ ವರದಿಯ ಹಾಳೆಯನ್ನು ಕೈಗಿತ್ತರು. ಓದಿ, ಸರಿಯಿದೆ ಎಂದೆ. ಗೌಡರು ಮೂರು ಕಡೆ ಬೆರಳಿಟ್ಟು ತಪ್ಪು ತೋರಿಸಿದರು.

“ಅರ್ಜಿ ಬರೆಯೋ ಕೈ ಬೇರೆ, ಪ್ರೂಫು ನೋಡೋ ಕಣ್ಣು ಬೇರೆ ರೈಟ್ರೇ. ಬನ್ನಿ, ಎರಡು ತಿಂಗಳು ಕಲಿಸಿಕೊಡ್ತೀನಿ.”

ಯಂತ್ರ ತುಳಿಯುತ್ತಿದ್ದವನು ಕಾಲು ನಿಲ್ಲಿಸಿ ನಕ್ಕ. ಗೌಡರ ಮಾತಿನಲ್ಲಿ ಕುಹಕವಿರಲಿಲ್ಲ. ಇಂದು ಅದು ಸ್ಪಷ್ಟವಾಗಿ ಕಾಣುತ್ತದೆ. ಅಂದು ನನಗೆ ಕೇಳಿಸಿದ್ದು ಆ ನಗೆ ಮಾತ್ರ. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮರುವಾರ ಸಾಗರಕ್ಕೆ ಹೋದೆ. ಅಲ್ಲಿ ವಿದ್ಯುತ್ತಿನಿಂದ ನಡೆಯುವ ದೊಡ್ಡ ಸಿಲಿಂಡರ್ ಯಂತ್ರವಿತ್ತು. ಎರಡು ಪುಟ ಒಟ್ಟಿಗೇ ಅಚ್ಚಾಗುತ್ತಿದ್ದವು. ಯಜಮಾನರು ತೋಟದ ಮನೆತನದವರು, ಮೆಲುಮಾತಿನವರು. “ಬನ್ನಿ ಸಂಪಾದಕರೇ, ಕೂತ್ಕೊಳ್ಳಿ” ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಇನ್ನೂ ಹುಟ್ಟದ ಪತ್ರಿಕೆಯ ಸಂಪಾದಕನೆಂದು ನನ್ನನ್ನು ಕರೆದ ಮೊದಲಿಗರು ಅವರೇ. ಪ್ರೂಫನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವುದು, ಹೊಸನಗರದಲ್ಲಿ ಬಸ್ಸು ನಿಲ್ಲುವ ಇಪ್ಪತ್ತು ನಿಮಿಷದಲ್ಲಿ ನಾನು ನೋಡಿ ಅದೇ ಬಸ್ಸಿಗೆ ಮರಳಿ ಕೊಡುವುದು ಎಂದು ಮಾತಾಯಿತು. ಆಮೇಲೆ ಅವರು ಸ್ವಲ್ಪ ತಡೆದು ಹೇಳಿದರು:

“ಒಂದು ವಿಷಯ ಮೊದ್ಲೇ ಹೇಳಿಬಿಡ್ತೇನೆ. ಮದುವೆ ತಿಂಗಳು ಬಂತು ಅಂದ್ರೆ ಸಣ್ಣ ಮೊಳೆ ಎಲ್ಲ ಲಗ್ನಪತ್ರಿಕೆಗೇ ಬೇಕು. ನಿಮ್ಮ ಪಟ್ಟಿ ಬಿಚ್ಚದೆ ಗತಿ ಇಲ್ಲ. ಮತ್ತೆ ಮೊದಲಿಂದ ಜೋಡಿಸ್ಬೇಕಾಗ್ತದೆ. ಆವಾಗ ನೀವು ಇಡೀ ಪಟ್ಟಿ ಕಳಿಸ್ಬೇಕು. ಅದೇ ಕಷ್ಟದ ಕೆಲಸ. ಯೋಚನೆ ಮಾಡಿ.”

“ಅದಕ್ಕೇನು, ಕಳಿಸ್ತೀನಿ” ಎಂದೆ. ಯೋಚನೆ ಮಾಡಲಿಲ್ಲ.

ಪತ್ರಿಕೆಗೆಂದು ನಾವು ಮಾಡಿಕೊಂಡಿದ್ದ ಸಮಿತಿಗೆ ನಾನು ಒಪ್ಪಿಸಿದ ವರದಿಯಲ್ಲಿ ಎಲ್ಲವೂ ಅಂದವಾಗಿತ್ತು. ಯಂತ್ರ, ವೇಗ, ಬಸ್ಸಿನ ಸಮಯ, ಎಲ್ಲ. ಮದುವೆಯ ತಿಂಗಳ ಷರತ್ತನ್ನು ಮಾತ್ರ ಬರೆಯಲಿಲ್ಲ. ಸಮಿತಿಯಲ್ಲಿದ್ದ ಶಾಲಾ ಮೇಷ್ಟ್ರು ಒಬ್ಬರೇ ಕೇಳಿದರು: “ತೀರ್ಥಹಳ್ಳಿ ನಮಗೆ ಹತ್ರ ಅಲ್ವೇನ್ರೀ? ಅದ್ಯಾಕೆ ಬ್ಯಾಡ?”

“ಕಾಲಲ್ಲಿ ತುಳಿಯೋ ಯಂತ್ರ ಮೇಷ್ಟ್ರೇ. ನಾವು ಮುಂದೆ ಬೆಳೀಬೇಕಾದವರು.”

ಅದೇ ಕೊನೆಯ ಮಾತಾಯಿತು. ಸಾಗರದ ಉಪವಿಭಾಗಾಧಿಕಾರಿಗಳ ಎದುರು, ಪತ್ರಿಕೆ ಹೊರಡಿಸಲು ಕಾಯಿದೆ ಕೇಳುವ ಘೋಷಣಾ ಪತ್ರಕ್ಕೆ ಸಹಿ ಹಾಕಿದೆವು: ಸಂಪಾದಕ ನಾನು, ಮುದ್ರಕರು ಅವರು. ಕೆಲವು ತಿಂಗಳು ಪತ್ರಿಕೆ ನಿರಾತಂಕವಾಗಿ ನಡೆಯಿತು. ಬದಲಾದ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಸಾಕಿತ್ತು. ಕಟ್ಟಿಟ್ಟ ಪುಟದಲ್ಲಿ ಅಷ್ಟನ್ನು ಕಿತ್ತು ಹೊಸದನ್ನು ಕೂರಿಸುತ್ತಿದ್ದರು.

ಇಲ್ಲಿ ಆ ಹೆಂಗಸಿನ ವಿಷಯ ಹೇಳಬೇಕು. ಗಂಡ ತೀರಿಕೊಂಡ ಮೇಲೂ ಅದೇ ಎರಡು ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವಳು. ಅವಳ ಅರ್ಜಿಯನ್ನು ಬರೆದವನೂ ನಾನೇ. ಗೇಣಿ ಚೀಟಿ ಅವಳ ಬಳಿ ಇರಲಿಲ್ಲ. ಸಾಕ್ಷಿಗೆ ಬರಲೊಪ್ಪಿದ್ದ ಇಬ್ಬರು ಮುದುಕರನ್ನು ವಿಚಾರಣೆಯ ದಿನ ಕರೆತಂದು ನಿಲ್ಲಿಸಿದರೆ ಗದ್ದೆ, ಇಲ್ಲದಿದ್ದರೆ ಇಲ್ಲ. ವಾರಕ್ಕೊಮ್ಮೆ ನಡೆದು ಬಂದು ನನ್ನಿಂದ ಫಲಕ ಓದಿಸಿಕೊಂಡು ಹೋಗುತ್ತಿದ್ದಳು. ಪತ್ರಿಕೆ ಶುರುವಾದ ಮೇಲೆ ಒಂದು ದಿನ ಅವಳಿಗೆ ಹೇಳಿದೆ:

“ನೀನಿನ್ನು ಇದಕ್ಕೆ ಅಂತ ಬರೋದು ಬ್ಯಾಡ ಕಣಮ್ಮ. ನಿಮ್ಮೂರ ಅಂಗಡಿಗೆ ಪತ್ರಿಕೆ ಬರ್ತದೆ. ಅಲ್ಲೇ ಓದ್ಸಿಕೋ.”

“ಅದ್ರಲ್ಲಿ ಬಂದಿದ್ದು ಗಟ್ಟಿಯಾ ರೈಟ್ರೇ?”

“ನಾನೇ ಹಾಕ್ಸೋದು. ಗಟ್ಟಿ.”

“ಹಂಗಾರೆ ಸೈ. ನೀವೇ ಅಂದ ಮ್ಯಾಲೆ.” ಅಂದಿನಿಂದ ಅವಳು ಬರುವುದನ್ನು ಬಿಟ್ಟಳು.

ಮದುವೆಯ ತಿಂಗಳು ಬಂತು. ಸಾಗರದಿಂದ ಕಾರ್ಡು ಬಂತು: ಪಟ್ಟಿಯನ್ನು ಬಿಚ್ಚಿದ್ದೇವೆ, ದಯಮಾಡಿ ಪೂರ್ತಿ ಪಟ್ಟಿಯನ್ನು ತಾರೀಖು ಸಹಿತ ಬರೆದು ಕಳಿಸಿ. ಎರಡು ಪುಟದ ಹೆಸರುಗಳನ್ನು ಕೈಯಲ್ಲಿ ಬರೆಯಲು ನನಗೆ ಬೇಸರವಾಯಿತು. ಅದರ ಬದಲು ಹಿಂದಿನ ವಾರದ ಪತ್ರಿಕೆಯನ್ನೇ ತೆಗೆದುಕೊಂಡು, ಫಲಕದ ಮುಂದೆ ನಿಂತು, ಬದಲಾದ ತಾರೀಖುಗಳನ್ನು ಅದರ ಮೇಲೆಯೇ ಶಾಯಿಯಲ್ಲಿ ತಿದ್ದಿದೆ. ಉಳಿದ ಹಳ್ಳಿಗಳವು ಮುಂದಕ್ಕೆ ಹೋಗಿದ್ದವು; ಅವಳೊಬ್ಬಳೇ ಅರ್ಜಿ ಹಾಕಿದ್ದ ಅವಳ ಹಳ್ಳಿಯ ವಿಚಾರಣೆ ಮಾತ್ರ ತಿಂಗಳ ಕೊನೆಗೆಂದು ಇದ್ದದ್ದು ಒಂದು ವಾರ ಮುಂಚಿತವಾಗಿತ್ತು. ಅದನ್ನೂ ತಿದ್ದಿದೆ. ತಿದ್ದಿದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನ ಮೇಜಿನ ಮೇಲೆ ಅದೇ ವಾರದ ಪತ್ರಿಕೆಯ ಬೇರೆ ಪ್ರತಿಗಳೂ ಮಡಿಸಿ ಬಿದ್ದಿದ್ದವು. ಕಂಡಕ್ಟರ್ “ಕೊಡಿ ರೈಟ್ರೇ, ಹೊತ್ತಾತು” ಎಂದು ಕೂಗಿದಾಗ ಮೇಲಿದ್ದ ಒಂದನ್ನು ಲಕೋಟೆಗೆ ಹಾಕಿ ಕೊಟ್ಟೆ. ಅದು ತಿದ್ದದ ಪ್ರತಿ.

ಇಷ್ಟಕ್ಕೇ ಅನಾಹುತವಾಗುತ್ತಿರಲಿಲ್ಲ. ಎರಡು ದಿನದ ನಂತರ ಪ್ರೂಫು ಬಂತು. ಅದನ್ನು ಫಲಕದ ಬಳಿ ಹಿಡಿದು ಒಂದೊಂದೇ ತಾರೀಖು ತಾಳೆ ನೋಡುವುದು ನನ್ನ ಕರ್ತವ್ಯ. ಹತ್ತು ಹೆಜ್ಜೆಯ ದೂರ. ಅಂದು ನನ್ನ ಮೇಜಿನ ಸುತ್ತ ಜನ ಕಿಕ್ಕಿರಿದಿದ್ದರು. ಮೊದಲ ಪುಟದ ನನ್ನ ಲೇಖನವನ್ನು ಮಾತ್ರ ಕಣ್ಣಿಟ್ಟು ಓದಿದೆ. ಒಂದು ವಾಕ್ಯವನ್ನು ಚೆಂದ ಮಾಡಿದೆ. ಒಳಗಿನ ಎರಡು ಪುಟವನ್ನು ಬಿಡಿಸಿ, ಮಡಿಸಿ, ಕೆಳಗೆ ‘ನೋಡಿದ್ದೇನೆ, ಅಚ್ಚು ಹಾಕಬಹುದು’ ಎಂದು ಬರೆದು ಸಹಿ ಹಾಕಿ ಬಸ್ಸಿಗೆ ಕೊಟ್ಟೆ.

ತಿಂಗಳ ಕೊನೆಯ ದಿನ ಅವಳು ಬಂದಳು. ಇಬ್ಬರು ಮುದುಕರನ್ನೂ ಕರೆತಂದಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಕಚೇರಿಯೊಳಗೆ ಹೋದವಳು ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಬಳಿ ಬಂದು ನಿಂತಳು.

“ನಮ್ಮೂರಿಂದು ಹ್ವಾದ ವಾರವೇ ಆಗೋತಂತಲ್ಲ ರೈಟ್ರೇ. ನಾ ಬಂದಿಲ್ಲ ಅಂತ ಅರ್ಜಿ ತೆಗೆದು ಹಾಕಿದ್ರಂತೆ.”

“ಯಾರಂದ್ರು?”

“ಒಳಗೆ ಅಂದ್ರು. ಪೇಪರಲ್ಲಿ ಇವತ್ತಿಗೆ ಅಂತ ಇತ್ತಲ್ಲ? ಅಂಗಡಿಯವ್ರು ಎರಡು ಸಲ ಓದಿ ಹೇಳಿದ್ರು. ನಾನೇನ್ ತಪ್ಪು ಕೇಳ್ಕಂಡ್ನಾ?”

ಅವಳು ನನ್ನನ್ನು ದೂರಲಿಲ್ಲ. ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂದು ಹೆದರಿದ್ದಳು. ಮುದುಕರಲ್ಲೊಬ್ಬ ಮಾತ್ರ, “ಗದ್ದೆ ಹೋತು ಅಂದಂಗಾತು” ಎಂದು ಮೆಟ್ಟಿಲ ಮೇಲೆ ಕುಳಿತ. ನಾನು ಮೇಜಿನ ಕೆಳಗಿನ ಪತ್ರಿಕೆಗಳನ್ನು ಕೆದಕಿದೆ. ಶಾಯಿಯಲ್ಲಿ ತಿದ್ದಿದ ಪ್ರತಿ ಅಲ್ಲಿಯೇ ಇತ್ತು. ಯಾರೂ ನೋಡದಂತೆ ಅದನ್ನು ಮಡಿಸಿ ಅಂಗಿಯ ಒಳಗೆ ಇಟ್ಟುಕೊಂಡೆ.

ವಜಾ ಆದ ಅರ್ಜಿಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕೆಂದು ಕೂಡಲೇ ಮನವಿ ಬರೆದೆ. ಅವಳು ಬಾರದಿದ್ದುದಕ್ಕೆ ಕಾರಣ ಪತ್ರಿಕೆಯಲ್ಲಿ ಬಂದ ತಪ್ಪು ತಾರೀಖು ಎಂದು ಸಂಪಾದಕನ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ‘ತಪ್ಪು ನನ್ನದು’ ಎಂದು ಬರೆದಿದ್ದರೂ ಆ ಮನವಿಗೆ ಅಷ್ಟೇ ಬಲವಿರುತ್ತಿತ್ತು. ನ್ಯಾಯಮಂಡಳಿಗೆ ಬೇಕಾದದ್ದು ತಪ್ಪು ಅವಳದಲ್ಲ ಎಂಬುದಷ್ಟೆ. ಆದ್ದರಿಂದ ಅವಳಿಗಾಗಿ ಸುಳ್ಳು ಹೇಳಿದೆ ಎಂದು ಸಮಾಧಾನ ಪಟ್ಟುಕೊಳ್ಳುವ ಅವಕಾಶವೂ ನನಗಿಲ್ಲ. ನಾನು ಬರೆದದ್ದು ಇಷ್ಟು: ‘ಸರಿಯಾದ ತಾರೀಖನ್ನೇ ಕಳಿಸಿಕೊಟ್ಟಿದ್ದೆನು. ಮುದ್ರಣಾಲಯದಲ್ಲಿ ಅದನ್ನು ನನ್ನ ಗಮನಕ್ಕೆ ತಾರದೆ ಬದಲಿಸಿರುತ್ತಾರೆ.’ ಕೆಳಗೆ ಸಹಿ.

ಒಂದು ವಾರದೊಳಗೆ ಊರು ಆ ವಾಕ್ಯಕ್ಕೆ ಕಾರಣವನ್ನು ಕೂಡಿಸಿತು. ಸಾಗರದ ಯಜಮಾನರ ಬಂಧುಗಳಲ್ಲಿ ಗೇಣಿಗೆ ಕೊಟ್ಟ ಭೂಮಿಯನ್ನು ಕಳೆದುಕೊಂಡವರಿದ್ದರು. ಅಷ್ಟು ಸಾಕಾಯಿತು.

ಮುಂದಿನ ಸಂಚಿಕೆಯ ಕೆಲಸಕ್ಕೆ ಸಾಗರಕ್ಕೆ ಹೋಗಲೇಬೇಕಾಯಿತು. ಯಂತ್ರ ನಡೆಯುತ್ತಿತ್ತು, ಯಜಮಾನರು ಅದನ್ನು ನಿಲ್ಲಿಸಿದರು. ಮುಗಿದ ಕೆಲಸಗಳ ಪ್ರೂಫುಗಳನ್ನು ಚುಚ್ಚಿಡುವ ತಂತಿಯಿಂದ ಒಂದು ಹಾಳೆಯನ್ನು ಬಿಡಿಸಿ ನನ್ನ ಮುಂದಿಟ್ಟರು.

“ಇದು ನಿಮ್ಮ ಸಹಿ ಅಲ್ವಾ?”

“ಹೌದು.”

“ನೀವು ಕಳಿಸಿದ ಪೇಪರೂ ಇದೆ. ಅದ್ರ ಮೇಲೆ ಒಂದು ಗೀರೂ ಇಲ್ಲೆ.” ‘ಇಲ್ಲೆ’ ಎಂದು ಅವರ ಮನೆಮಾತು ನುಸುಳಿದ್ದು ಅದೊಂದೇ ಸಲ. “ನಾಳೆ ಇವೆರಡನ್ನೂ ನ್ಯಾಯಮಂಡಳಿಗೆ ಕೊಟ್ರೆ ಎಂತಾಗ್ತದೆ?”

“ನನ್ನ ಪ್ರಮಾಣಪತ್ರ ಸುಳ್ಳು ಅಂತಾಗ್ತದೆ.”

“ಆ ಹೆಂಗಸಿನ ಮನವಿ?”

“ಒಡೆಯರು ಅದನ್ನೇ ಹಿಡ್ಕೊಂಡು ಬೀಳಿಸ್ತಾರೆ.”

ಮೊಳೆ ಜೋಡಿಸುವವನು ಕೈಯಲ್ಲಿ ಮೊಳೆ ಹಿಡಿದು ಹಾಗೆಯೇ ನಿಂತಿದ್ದ. ಯಜಮಾನರು ಹಾಳೆಗಳನ್ನು ಅವನತ್ತ ಚಾಚಿದರು.

“ಇದನ್ನ ಒಳಗೆ ತೆಗೆದಿಡು. ಯಾರು ಕೇಳಿದ್ರೂ ಇಲ್ಲ ಅನ್ನು.” ಆಮೇಲೆ ನನ್ನ ಕಡೆ ತಿರುಗಿದರು. “ಅವಳ ವಿಚಾರಣೆ ಮುಗೀಲಿ. ಮುಗಿದ ಮೇಲೆ ನೀವೇ ನಾಲ್ಕು ಜನರ ಎದುರು ನಿಜ ಹೇಳ್ಬೇಕು. ಹೇಳ್ತೀರಲ್ಲ?”

“ಹೇಳ್ತೀನಿ” ಎಂದೆ.

“ನನ್ನ ಹೆಸರು ಮಾತ್ರ ಇನ್ನು ನಿಮ್ಮ ಪತ್ರಿಕೆ ಮೇಲೆ ಬೇಡ.” ಅವರು ಸಂಪಾದಕರೇ ಎನ್ನಲಿಲ್ಲ.

ಮುದ್ರಕರು ಬದಲಾದರೆ ಹೊಸ ಘೋಷಣಾ ಪತ್ರ ಬೇಕು. ತೀರ್ಥಹಳ್ಳಿಗೆ ಓಡಿದೆ. ಗೌಡರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಪ್ರೂಫು ಯಾರು ನೋಡಿದ್ದು?”

“ಅದಿರಲಿ ಗೌಡ್ರೇ, ಘೋಷಣಾ ಪತ್ರಕ್ಕೆ ನಿಮ್ಮ ಸಹಿ ಬೇಕಿತ್ತು” ಎಂದೆ.

“ಆ ಸಾಗರದವ್ರು ನಂಗೆ ಗೊತ್ತು. ತಾರೀಖು ತಿದ್ದೋ ಜನ ಅಲ್ಲ. ನಿಮ್ಮ ಕೆಲಸ ನಮ್ಮಲ್ಲಿ ಆಗಲ್ಲ ರೈಟ್ರೇ, ಹೋಗ್ಬನ್ನಿ.” ಈ ಸಲ ಅಲ್ಲಿ ಯಾರೂ ನಗಲಿಲ್ಲ. ಪತ್ರಿಕೆ ಅಲ್ಲಿಗೆ ನಿಂತಿತು.

ಅವಳ ಮನವಿಯನ್ನು ನ್ಯಾಯಮಂಡಳಿ ಒಪ್ಪಿತು. ಮುದುಕರಿಬ್ಬರೂ ಬಂದು ಸಾಕ್ಷಿ ಹೇಳಿದರು. ಎರಡು ಎಕರೆಯೂ ಅವಳ ಹೆಸರಿಗಾಯಿತು. ಅವಳು ಒಂದು ಬುಟ್ಟಿ ಸೌತೆಕಾಯಿ ತಂದುಕೊಟ್ಟು, “ನೀವು ಇಲ್ದಿದ್ರೆ ನಂದು ಮುಗಿದೇ ಹೋಗ್ತಿತ್ತು” ಎಂದು ಕೈ ಮುಗಿದಳು. ಆ ಗಳಿಗೆ ನಿಜ ಹೇಳಬಹುದಾಗಿತ್ತು. ಅವಳಿಗೆ ಇನ್ನು ಯಾವ ಅಪಾಯವೂ ಇರಲಿಲ್ಲ. ನಾನು ಬುಟ್ಟಿ ತೆಗೆದುಕೊಂಡೆ. ಆಮೇಲೆ ಗೇಣಿದಾರರ ಸಭೆಯೊಂದರಲ್ಲಿ ನನಗೆ ಹಾರ ಹಾಕಿ ಈ ಕಥೆಯನ್ನು ಹೇಳಿಸಿದರು. ಹೇಳಿದೆ. ಕೇಳಿದವರಲ್ಲಿ ಹಲವರು ತಮ್ಮ ಮನೆಯ ಲಗ್ನಪತ್ರಿಕೆಗಳನ್ನು ಸಾಗರದ ಆ ಅಚ್ಚುಕೂಟಕ್ಕೆ ಕೊಡುವುದನ್ನು ನಿಲ್ಲಿಸಿದರು. ದೊಡ್ಡ ಯಂತ್ರವನ್ನು ಮಾರಿದರೆಂದು ಕೆಲವು ವರ್ಷಗಳ ನಂತರ ಕೇಳಿದೆ.

ಎಂಬತ್ತರ ದಶಕದ ನಡುವೆ ಒಮ್ಮೆ ಸಾಗರದ ಬಸ್ ನಿಲ್ದಾಣದಲ್ಲಿ ಯಜಮಾನರು ಎದುರಾದರು. ಬಹಳ ಇಳಿದುಹೋಗಿದ್ದರು.

“ಆ ಹೆಂಗಸಿಗೆ ಗದ್ದೆ ಆಯ್ತಲ್ಲ?”

“ಆಯ್ತು.”

“ಒಳ್ಳೇದಾಯ್ತು” ಎಂದು ಅವರು ಅಲ್ಲಿಯೇ ನಿಂತರು. ನಾನು ಏನಾದರೂ ಹೇಳುವೆನೆಂದು ಕಾದರು. ಹೊಸನಗರದ ಬಸ್ಸು ಇನ್ನೂ ಹೊರಡುವಂತಿರಲಿಲ್ಲ. ಹೊರಟಿತೆಂದು ಹೇಳಿ ಹತ್ತಿ ಕುಳಿತೆ. ಅದಾದ ಮೇಲೆ ಅವರನ್ನು ನೋಡಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಸ್ಮರಣ ಸಂಚಿಕೆ ಓದಿದ ಮೇಲೆ ಸಾಗರಕ್ಕೆ ಹೋಗಿ, ಅಂದು ಮೊಳೆ ಜೋಡಿಸುತ್ತಿದ್ದವರನ್ನು ಹುಡುಕಿದೆ. ಇದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ಹೆಸರು ಹೇಳಿದೆ.

“ಈಗ ಬಂದ್ರಾ?” ಎಂದರು. ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಎರಡು ಕಾಗದ ತಂದರು. ಹಳದಿಯಾಗಿವೆ, ಹರಿದಿಲ್ಲ.

“ಕೊಡಿ, ನಾನೇ ಅಚ್ಚು ಹಾಕಿಸ್ತೀನಿ” ಎಂದು ಕೈ ಚಾಚಿದೆ.

ಅವರು ಕೊಡಲಿಲ್ಲ. “ನಿಮ್ಮ ಕೈಗೆ ಬೇಡ. ಯಜಮಾನ್ರು ಇಡು ಅಂದಿದ್ದು, ಇಟ್ಟಿದ್ದೇನೆ. ನೋಡೋರು ಇಲ್ಲಿಗೆ ಬರ್ಲಿ. ಯಾರಿಗೆ ಬೇಕಾದ್ರೂ ತೋರಿಸ್ತೇನೆ.”

ಬೇಕಾದವರು ಹೋಗಿ ನೋಡಬಹುದು. ಹೋಗುವ ಮೊದಲು ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಆ ಹೆಂಗಸಿನ ಪ್ರಕರಣದ ಕಡತದಿಂದ ನನ್ನ ಪ್ರಮಾಣಪತ್ರದ ನಕಲನ್ನು ಅರ್ಜಿ ಹಾಕಿ ಪಡೆಯಿರಿ. ಪ್ರಕರಣದ ಸಂಖ್ಯೆ ಅವಳ ಮಗಳ ಬಳಿಯಿರುವ ಆದೇಶದ ಮೇಲಿದೆ. ಕೇಳಿದವರಿಗೆ ತೋರಿಸಲು ಒಪ್ಪಿದ್ದಾಳೆ. ನಕಲನ್ನು ಪ್ರೂಫಿನ ಪಕ್ಕದಲ್ಲಿಟ್ಟು ನೋಡಿ. ಎರಡರ ಕೆಳಗೂ ಇರುವ ಸಹಿ ನನ್ನದು.